ಚೀಸ್ ಕ್ರ್ಯಾಕರ್: ರಾತ್ರಿ ಗರಿಗರಿ, ಬೆಳಿಗ್ಗೆ ಮೆತ್ತಗೆ. ಎಲ್ಲಿ ತಪ್ಪುತ್ತಿದ್ದೇನೆ?

ಕೌಲ್‌ಬಜಾರ್_ಅಪ್ಪ (ಬಳ್ಳಾರಿ) · ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ತರಗತಿ. ದಿನಾ ಸಂಜೆ ಎರಡು ತಾಸು ಕಬಡ್ಡಿ ಅಭ್ಯಾಸ. ಮೊಟ್ಟೆ ಮುಟ್ಟುವುದಿಲ್ಲ, ಹಾಲು ಕಂಡರೆ ಮುಖ ತಿರುಗಿಸುತ್ತಾಳೆ, ಚೀಸ್ ಎಂದರೆ ಮಾತ್ರ ನಿದ್ದೆಯಿಂದಲೂ ಎದ್ದು ಬರುತ್ತಾಳೆ. ಹೋದ ತಿಂಗಳು ನನ್ನ ತಮ್ಮ ಬೆಂಗಳೂರಿನಿಂದ ‘ಹೈ ಪ್ರೋಟೀನ್ ಚೀಸ್ ಕ್ರ್ಯಾಕರ್’ ತಂದಿದ್ದ. ಅಂಗೈಯಗಲದ ಪೊಟ್ಟಣ, 180 ರೂಪಾಯಿ. ಎರಡು ನಿಮಿಷದಲ್ಲಿ ಖಾಲಿ ಮಾಡಿ, ಮೂಲೆ ಹರಿದು ಪುಡಿಯನ್ನೂ ನೆಕ್ಕಿದಳು. ಇದನ್ನು ಮನೆಯಲ್ಲೇ ಮಾಡಿ ತೋರಿಸುತ್ತೇನೆ ಎಂದು ಅಂದೇ ಬಾಯಿ ಜಾರಿದೆ.

ಮೂರು ಸಲ ಮಾಡಿದ್ದೇನೆ. ಮೊದಲ ಸಲ ಮೈದಾ 100 ಗ್ರಾಂ, ಪಿಜ್ಜಾಕ್ಕೆ ಹಾಕುವ ಮೊಝರೆಲ್ಲಾ 100 ಗ್ರಾಂ, ಬೆಣ್ಣೆ 60 ಗ್ರಾಂ. ಓವನ್ ತಟ್ಟೆಯಲ್ಲಿ ಎಣ್ಣೆ ಹರಿದು, ಕ್ರ್ಯಾಕರ್‌ಗಳು ಅದರಲ್ಲಿ ಈಜಾಡಿದವು. ಎರಡನೆಯ ಸಲ ಮೈದಾ ಅರ್ಧಕ್ಕೆ ಇಳಿಸಿ, ತಮ್ಮ ಬಿಟ್ಟುಹೋದ ವೇ (ಹಾಲು ಒಡೆದಾಗ ಉಳಿಯುವ ತಿಳಿನೀರು) ಪ್ರೋಟೀನ್ ಪುಡಿ ಸೇರಿಸಿದೆ. ಅವ್ವ ಒಂದು ಚೂರು ಕಚ್ಚಿ ನೋಡಿ, ‘ಇದನ್ನು ಮಾಳಿಗೆಗೆ ಹಾಸಿಸು, ಮಳೆಗಾಲಕ್ಕೆ ಸೋರುವುದಿಲ್ಲ’ ಎಂದಳು. ಮೂರನೆಯದು ಕಡಲೆ ಹಿಟ್ಟು, ಗೋಧಿ ಹಿಟ್ಟು, ಮಾಮೂಲಿ ಕ್ಯೂಬ್ ಚೀಸ್. ರಾತ್ರಿ ಹತ್ತಕ್ಕೆ ತಿಂದಾಗ ಎಷ್ಟು ಚೆನ್ನಾಗಿತ್ತೆಂದರೆ ಹೆಂಡತಿಯೂ ಹೊಗಳಿದಳು. ಬೆಳಿಗ್ಗೆ ಡಬ್ಬಿ ತೆಗೆದರೆ ಎಲ್ಲವೂ ಚಕ್ಕುಲಿ ಅಂಗಡಿಗೆ ಮಳೆ ಬಡಿದಂತೆ ಮೆತ್ತಗಾಗಿವೆ.

ಗೊತ್ತಿದ್ದವರು ಹೇಳಿ. ಮಗಳು ಈಗ ನನ್ನನ್ನು ‘ಬೇಕರಿ ಅಪ್ಪ’ ಎಂದು ಅಣಕಿಸುತ್ತಿದ್ದಾಳೆ.

ಎಲೆ_ಅಡಿಕೆ (ಸಿರುಗುಪ್ಪ) · 9.52

ಒಂದು ಹಿಡಿ ಶೇಂಗಾ, ಒಂದು ಚೂರು ಬೆಲ್ಲ. ಮುಗಿಯಿತು. ನಾವು ಕಬಡ್ಡಿ ಆಡಿದ್ದು ಇದನ್ನೇ ತಿಂದು.

ಕೌಲ್‌ಬಜಾರ್_ಅಪ್ಪ · 9.55

ಕೊಟ್ಟು ನೋಡಿದ್ದೇನೆ ಅಣ್ಣ. ಬೆಲ್ಲ ತಿಂದು ಶೇಂಗಾ ಬಿಡುತ್ತಾಳೆ.

ಸಿಂಧನೂರಕ್ಕ · 10.08

ಒಂದೇ ಪ್ರಶ್ನೆ. ನಿಜ ಹೇಳಬೇಕು. ಮೂರನೆಯದನ್ನು ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದಿರೋ ಇಲ್ಲವೋ?

ಕೌಲ್‌ಬಜಾರ್_ಅಪ್ಪ · 10.10

ಬಿಸಿ ಎಂದರೆ ತೀರಾ ಬಿಸಿ ಅಲ್ಲ ಅಕ್ಕ, ಕೈಗೆ ಬೆಚ್ಚಗಿತ್ತು. ಇರುವೆ ಮುತ್ತುತ್ತವೆ ಎಂದು ಮುಚ್ಚಿಟ್ಟೆ.

ಸಿಂಧನೂರಕ್ಕ · 10.11

ಕಳ್ಳ ಸಿಕ್ಕ. ಮುಚ್ಚಳದ ಒಳಮೈ ಮುಟ್ಟಿ ನೋಡಿದ್ದರೆ ಬೆವರು ಸಿಗುತ್ತಿತ್ತು.

ಭಟ್ಟಿ_ಮುಂದೆ (ಗಂಗಾವತಿ) · ಸೋಮವಾರ ಬೆಳಿಗ್ಗೆ 6.15

ಅಕ್ಕ ಹೇಳಿದ್ದು ಅರ್ಧ ಸತ್ಯ. ಬೇಕರಿಯಲ್ಲಿ ಹದಿನಾರು ವರ್ಷ ಭಟ್ಟಿ ಕಾದಿದ್ದೇನೆ, ಅದಕ್ಕೇ ಈ ಧೈರ್ಯ. ಪೂರ್ತಿ ಆರಿಸಿ ತುಂಬಿದ್ದರೂ ಆ ಕ್ರ್ಯಾಕರ್ ಮೆತ್ತಗಾಗುತ್ತಿತ್ತು.

ಒಲೆಯಿಂದ ತೆಗೆದಾಗ ಅಂಚು ಒಣಗಿರುತ್ತದೆ, ನಡುವೆ ಇನ್ನೂ ಪಸೆ ಇರುತ್ತದೆ. ಬಾಯಿಗಿಟ್ಟರೆ ಅಂಚೇ ಮೊದಲು ಮುರಿಯುವುದರಿಂದ ಗರಿಗರಿ ಎನ್ನಿಸುತ್ತದೆ. ರಾತ್ರಿಯೆಲ್ಲ ನಡುವಿನ ಪಸೆ ಅಂಚಿಗೆ ಹರಿದು ಎಲ್ಲ ಸಮ ಆಗುತ್ತದೆ. ಬೆಳಿಗ್ಗೆ ಅಂಚೂ ಮೆತ್ತಗೆ, ನಡುವೂ ಮೆತ್ತಗೆ. ಇದಕ್ಕೆ ಉಪಾಯ ಎರಡನೆಯ ಬೇಯಿಸುವಿಕೆ. ರಸ್ಕ್ ಮಾಡುವುದು ಹಾಗೆಯೇ ಅಲ್ಲವೇ? 165 ಡಿಗ್ರಿಯಲ್ಲಿ 14ರಿಂದ 16 ನಿಮಿಷ ಬೇಯಿಸಿ. ಹೊಂಬಣ್ಣ ಬಂದೊಡನೆ ಶಾಖವನ್ನು 110ಕ್ಕೆ ಇಳಿಸಿ ಇನ್ನೊಂದು 20 ನಿಮಿಷ ಬಿಡಿ. ಆಮೇಲೆ ಓವನ್ ಆರಿಸಿ, ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಅರೆ ತೆರೆದು, ತಣ್ಣಗಾಗುವವರೆಗೆ ಮುಟ್ಟಬೇಡಿ. ಮೊದಲಿಗೇ 190, 200 ಇಟ್ಟರೆ ಚೀಸ್ ಕಪ್ಪಾಗಿ ಕಹಿಯಾಗುತ್ತದೆ, ಒಳಗಿನ ನೀರು ಒಳಗೇ ಉಳಿಯುತ್ತದೆ.

ಲಟ್ಟಿಸುವಾಗ 2 ಮಿಲಿಮೀಟರ್ ಮೀರಬಾರದು. ಒಂದು ಕಡೆ ತೆಳ್ಳಗೆ ಒಂದು ಕಡೆ ದಪ್ಪ ಇದ್ದರೆ ಅರ್ಧ ಸುಡುತ್ತದೆ, ಅರ್ಧ ಹಸಿ. ಪ್ರತಿ ತುಂಡಿಗೂ ಮುಳ್ಳುಚಮಚದಿಂದ ಮೂರು ನಾಲ್ಕು ಕಡೆ ತಳದವರೆಗೆ ಚುಚ್ಚಿ. ಅದು ಅಂದಕ್ಕಲ್ಲ, ಉಗಿ ಹೋಗುವ ದಾರಿ. ಚುಚ್ಚದಿದ್ದರೆ ಪೂರಿಯಂತೆ ಉಬ್ಬುತ್ತದೆ.

ಕೌಲ್‌ಬಜಾರ್_ಅಪ್ಪ · 6.40

ಉಬ್ಬಿದ್ದವು! ಉಬ್ಬಿದರೆ ಒಳ್ಳೆಯದು ಎಂದು ಫೋಟೊ ಬೇರೆ ತೆಗೆದು ತಮ್ಮನಿಗೆ ಕಳಿಸಿದ್ದೆ.

ಡೈರಿ_ಹುಡುಗ (ಬಳ್ಳಾರಿ) · 8.05

ಮೊದಲ ಸಲದ ಎಣ್ಣೆಯ ಬಗ್ಗೆ ಯಾರೂ ಹೇಳಲಿಲ್ಲ. ಹೈನು ತಂತ್ರಜ್ಞಾನ ಓದಿದ ಪಾಪಕ್ಕೆ ನಾನು ಹೇಳುತ್ತೇನೆ.

ಮೊಝರೆಲ್ಲಾ ಎಳೆಯ ಚೀಸ್, ಅದರ ಅರ್ಧದಷ್ಟು ನೀರೇ. ಬಿಸಿಯಾದರೆ ಎಳೆಯಾಗಿ ಹಿಗ್ಗುತ್ತದೆ, ಕೊಬ್ಬು ಬಿಡುತ್ತದೆ. ಪಿಜ್ಜಾಕ್ಕೆ ಬೇಕಾದ ಗುಣವೇ ಕ್ರ್ಯಾಕರ್‌ಗೆ ಶತ್ರು. ಕ್ಯೂಬ್ ಅಥವಾ ಇಟ್ಟಿಗೆಯಾಕಾರದಲ್ಲಿ ಸಿಗುವುದು ಸಂಸ್ಕರಿತ ಚೀಸ್. ಅದಕ್ಕೆ ಸಿಟ್ರೇಟ್, ಫಾಸ್ಫೇಟ್ ಜಾತಿಯ ಲವಣ ಹಾಕಿ ಕೊಬ್ಬನ್ನೂ ಪ್ರೋಟೀನನ್ನೂ ಕಟ್ಟಿಹಾಕಿರುತ್ತಾರೆ. ಆದ್ದರಿಂದ ಕಾಯಿಸಿದರೂ ಎಣ್ಣೆ ಅಷ್ಟು ಬೇರೆಯಾಗುವುದಿಲ್ಲ. ರುಚಿಗೆ ತಿಂಗಳುಗಟ್ಟಲೆ ಹಣ್ಣಾಗಲು ಬಿಟ್ಟ ಚೆಡ್ಡಾರ್ ಚೀಸ್ ಮೇಲು, 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನೂ ಇದೆ, ಆದರೆ ಬೆಲೆ ಕೇಳಿದರೆ ಬಳ್ಳಾರಿಯ ಬಿಸಿಲಲ್ಲೂ ಚಳಿ ಹಿಡಿಯುತ್ತದೆ. ಸಂಸ್ಕರಿತದಲ್ಲಿ ಸುಮಾರು 20 ಗ್ರಾಂ. ಯಾವುದನ್ನು ತಂದರೂ ಗಟ್ಟಿಯಾಗುವವರೆಗೆ ಫ್ರೀಜರ್‌ನಲ್ಲಿಟ್ಟು, ಸಣ್ಣ ತೂತಿನ ಕಡೆಯಿಂದ ತುರಿಯಿರಿ. ಬೆಣ್ಣೆ 60 ಗ್ರಾಂ ಯಾಕೆ? ಚೀಸ್‌ನಲ್ಲೇ ಕಾಲು ಭಾಗ ಕೊಬ್ಬಿದೆ. 30 ಸಾಕು.

ವೇ ಪುಡಿ ಗಟ್ಟಿಯಾದದ್ದಕ್ಕೂ ಕಾರಣ ಇದೆ. ಮೊಟ್ಟೆಯ ಬಿಳಿ ಬೆಂದಾಗ ಗಟ್ಟಿಯಾಗುವಂತೆ ಅದೂ ಕಾವಿಗೆ ಗಟ್ಟಿಯಾಗುತ್ತದೆ. ಹಾಕಲೇಬೇಕಿದ್ದರೆ ಹಿಟ್ಟಿನ ಹತ್ತರಲ್ಲಿ ಒಂದು ಪಾಲು ಹಾಕಿ, ಹೆಚ್ಚು ಬೇಡ. ಅದರಲ್ಲಿ ಹಾಲಿನ ಸಕ್ಕರೆ ಉಳಿದಿದ್ದರೆ ಬಣ್ಣವೂ ಬೇಗ ಏರುತ್ತದೆ. ಒಳಗೆ ಹಸಿ ಇದ್ದಾಗಲೇ ಮೇಲೆ ಕೆಂಪಾಗಿ ಮೋಸ ಮಾಡುತ್ತದೆ.

ಹೊಸಬಳು (ಮಾನ್ವಿ) · 8.30

ಬೇಯಿಸಿದರೆ ಪ್ರೋಟೀನ್ ಸತ್ತುಹೋಗುತ್ತದೆ ಎನ್ನುತ್ತಾರಲ್ಲ? ಹಾಗಿದ್ದ ಮೇಲೆ ಇಷ್ಟೆಲ್ಲ ಯಾಕೆ?

ಡೈರಿ_ಹುಡುಗ · 8.34

ಬೇಳೆ ಬೇಯಿಸಿಯೇ ತಿನ್ನುತ್ತೀರಲ್ಲ ಅಕ್ಕ. ಕಾವಿಗೆ ಅದರ ಆಕಾರ ಬದಲಾಗುತ್ತದೆ, ಲೆಕ್ಕ ಕಡಿಮೆಯಾಗುವುದಿಲ್ಲ. ತೀರಾ ಕರ್ರಗೆ ಸುಟ್ಟರೆ ಪ್ರೋಟೀನಿನಲ್ಲಿರುವ ಲೈಸಿನ್ ಎಂಬ ಅಂಶ ಸ್ವಲ್ಪ ನಷ್ಟ. ಸುಡದಿದ್ದರಾಯಿತು.

ಲೆಕ್ಕದ_ಮೇಷ್ಟ್ರು (ಕೊಪ್ಪಳ) · 9.20

‘ಹೈ ಪ್ರೋಟೀನ್’ ಎಂದು ಎಲ್ಲರೂ ಹೇಳುತ್ತಿದ್ದೀರಿ, ಯಾರೂ ಕೂಡಿಸಿ ನೋಡಿಲ್ಲ. ಚೀಸ್ 100 ಗ್ರಾಂ, ಕಡಲೆ ಹಿಟ್ಟು 100, ಗೋಧಿ ಹಿಟ್ಟು 50, ಬೆಣ್ಣೆ 30, ಎಳ್ಳು 15, ಗಟ್ಟಿ ಮೊಸರು ಎರಡು ಚಮಚ ಎಂದು ಇಟ್ಟುಕೊಳ್ಳೋಣ. ಪ್ರೋಟೀನ್ ಸುಮಾರಾಗಿ ಚೀಸ್‌ನದು 20, ಕಡಲೆಯದು 21, ಗೋಧಿಯದು ಐದೂವರೆ, ಬೆಣ್ಣೆಯದು ಸೊನ್ನೆ, ಎಳ್ಳಿನದು ಎರಡೂವರೆ, ಮೊಸರಿನದು 1. ಒಟ್ಟು 50. ನೀರೆಲ್ಲ ಹೋದ ಮೇಲೆ ತೂಕ 240 ಗ್ರಾಂ ಆಸುಪಾಸು. ಅಂದರೆ 100 ಗ್ರಾಂಗೆ 21. ಮೈದಾದಲ್ಲಿ ಮಾಡಿದ ಮೊದಲನೆಯದು 16, 17 ದಾಟಿರಲಿಕ್ಕಿಲ್ಲ. ಇಲ್ಲಿಯವರೆಗೆ ಸಂತೋಷ.

ಈಗ ಒಂದೊಂದು 3 ಗ್ರಾಂನ ತುಂಡು ಕತ್ತರಿಸಿ. 80 ಆಗುತ್ತವೆ. ಹತ್ತು ತಿಂದರೆ 6 ಗ್ರಾಂ, ಒಂದು ಮೊಟ್ಟೆಯಷ್ಟು. ಆದರೆ ಆ ಹತ್ತರಲ್ಲಿ 145 ಕ್ಯಾಲೊರಿ, ಮೊಟ್ಟೆಯಲ್ಲಿ ಅದರ ಅರ್ಧ. ಕಬಡ್ಡಿ ಆಡುವ ಹುಡುಗಿಗೆ ಅದು ಹೊರೆಯಲ್ಲ. ಅವಳ ಅಪ್ಪನಿಗೆ ಹೊರೆ.

ಕೌಲ್‌ಬಜಾರ್_ಅಪ್ಪ · 9.26

ಮೇಷ್ಟ್ರೇ, ನನ್ನ ಹೊಟ್ಟೆಯ ಸುದ್ದಿ ಇಲ್ಲಿಗೆ ಯಾರು ಮುಟ್ಟಿಸಿದರು?

ಎಲೆ_ಅಡಿಕೆ · 9.31

ದಿನಕ್ಕೆ ಕೆಜಿಗೆ 2 ಗ್ರಾಂ ಬೇಕು ಎಂದು ಜಿಮ್‌ನಲ್ಲಿ ಹೇಳುತ್ತಾರೆ. ನಿಮ್ಮ ಹತ್ತು ಚೂರು ಯಾವ ಮೂಲೆಗೆ?

ಲೆಕ್ಕದ_ಮೇಷ್ಟ್ರು · 9.45

ಜಿಮ್‌ನಲ್ಲಿ ಹೇಳುವವರೇ ಡಬ್ಬಿಯನ್ನೂ ಮಾರುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯಲ್ಲಿ ದೊಡ್ಡವರಿಗೆ ಕೆಜಿ ತೂಕಕ್ಕೆ 0.83 ಗ್ರಾಂ ಎಂದಿದೆ. 65 ಕೆಜಿ ಗಂಡಸಿಗೆ 54 ಗ್ರಾಂ. ಆಟ ಆಡುವವರಿಗೆ ಇನ್ನೂ ಬೇಕು ನಿಜ, ಆದರೆ ಎಲ್ಲರಿಗೂ 2 ಅಲ್ಲ. ಮೂತ್ರಪಿಂಡದ ತೊಂದರೆ ಇರುವ ಹಿರಿಯರು ಮನೆಯಲ್ಲಿದ್ದರೆ ಅವರ ಕೈಗೆ ಈ ಡಬ್ಬಿ ಕೊಡುವ ಮೊದಲು ವೈದ್ಯರನ್ನು ಕೇಳಿ. ಚೀಸ್‌ನಲ್ಲಿ ಉಪ್ಪೂ ಬೇಕಾದಷ್ಟಿದೆ. ಹಿಟ್ಟಿಗೆ ಬೇರೆ ಉಪ್ಪು ಹಾಕಲೇಬೇಡಿ.

ಸಿಂಧನೂರಕ್ಕ · 10.02

ಕಡಲೆ ಹಿಟ್ಟಿನ ಹಸಿ ವಾಸನೆಗೆ ಏನು ಮಾಡುತ್ತೀರಿ? ನಾನು ಅದರ ಬದಲು ಪುಟಾಣಿ ಹಿಟ್ಟು ಹಾಕುತ್ತೇನೆ. ಪುಟಾಣಿ ಮೊದಲೇ ಹುರಿದದ್ದು, ವಾಸನೆಯ ಗೊಡವೆ ಇಲ್ಲ. ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿಯಬೇಕು, ಇಲ್ಲದಿದ್ದರೆ ಲಟ್ಟಿಸುವಾಗ ಅಂಚು ಬಿರಿಯುತ್ತದೆ. ನೀರು ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಮೇಲೆ ಗುರೆಳ್ಳು ಉದುರಿಸಿದರೆ ನಮ್ಮೂರಿನ ರುಚಿ.

ಭಟ್ಟಿ_ಮುಂದೆ · 10.15

ಒಪ್ಪಿದೆ ಅಕ್ಕ. ಆದರೆ ಗೋಧಿಯನ್ನು ಪೂರ್ತಿ ಬಿಡಬೇಡಿ. ಬರೀ ಪುಟಾಣಿಯಲ್ಲಿ ಜಿಗುಟು ಇಲ್ಲ, ಕೈಯಲ್ಲೇ ಪುಡಿಯಾಗುತ್ತದೆ.

ಗಾಣದ_ಎತ್ತು (ಯಲಬುರ್ಗಾ) · 11.40

ಎಲ್ಲರೂ ದುಬಾರಿ ದಾರಿ ಹಿಡಿದಿದ್ದೀರಿ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿಯಲ್ಲಿ 100 ಗ್ರಾಂಗೆ 40 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇದೆ. ಎಣ್ಣೆಯೂ ಕಡಿಮೆ. ಪುಡಿ ಮಾಡಿ ಹಿಟ್ಟಿಗೆ ಬೆರೆಸಿ. ನಮ್ಮ ಎಮ್ಮೆ ನೋಡಿ, ಹೇಗೆ ಮಿರಿಮಿರಿ ಮಿಂಚುತ್ತದೆ.

ಡೈರಿ_ಹುಡುಗ · 11.52

ಅಣ್ಣಾ, ದಯವಿಟ್ಟು ಬೇಡ. ಪ್ರೋಟೀನ್ ಲೆಕ್ಕ ಸರಿ, ಆದರೆ ದನಕ್ಕೆಂದು ತೆಗೆದಿಟ್ಟ ಹಿಂಡಿಯನ್ನು ಯಾರೂ ಮನುಷ್ಯರ ಊಟಕ್ಕೆಂದು ಆರಿಸಿ, ಒಣಗಿಸಿ, ಕಾಯುವುದಿಲ್ಲ. ಶೇಂಗಾ ಪಸೆ ಹಿಡಿದರೆ ಒಂದು ಬಗೆಯ ಬೂಷ್ಟು ಬಂದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಅದು ಯಕೃತ್ತಿಗೆ ಕೆಟ್ಟದ್ದು, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ದನ ತಿಂದರೆ ಹಾಲಿನಲ್ಲೂ ಅದರ ಅಂಶ ಬರುತ್ತದೆ. ಎಮ್ಮೆಯ ಹಿಂಡಿಯನ್ನೂ ಒಮ್ಮೆ ಮೂಸಿ ನೋಡಿ.

ಗಾಣದ_ಎತ್ತು · 12.05

ಮೂಸಿ ನೋಡಿದೆ. ಚೀಲದ ತಳದಲ್ಲಿ ಸ್ವಲ್ಪ ಹಸಿರು ಇದೆ. ತಿಪ್ಪೆಗೆ ಹಾಕಿದೆ. ನಾನು ಮೇಲೆ ಬರೆದದ್ದನ್ನು ಯಾರೂ ಮಾಡಬೇಡಿ.

ಎಲೆ_ಅಡಿಕೆ · 12.20

ಎಮ್ಮೆಯ ಜೀವ ಉಳಿಯಿತು. ಈ ಚರ್ಚೆಯಿಂದ ಆದ ಮೊದಲ ಉಪಕಾರ.

ಹೊಸಬಳು · 12.48

ನಮ್ಮ ಅತ್ತೆ ಚೀಸ್ ಅಡುಗೆಮನೆಗೆ ತರಲು ಬಿಡುವುದಿಲ್ಲ. ಅದರಲ್ಲಿ ಕರುವಿನ ಹೊಟ್ಟೆಯ ಪದಾರ್ಥ ಇರುತ್ತದೆ ಎಂದು ಯಾರೋ ಹೇಳಿದ್ದಾರೆ. ನಿಜವೇ?

ಡೈರಿ_ಹುಡುಗ · 1.10

ಯುರೋಪಿನಲ್ಲಿ ಹಾಲು ಒಡೆಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುವ ಪದ್ಧತಿ ಇದೆ, ಸುಳ್ಳಲ್ಲ. ಸೂಕ್ಷ್ಮಜೀವಿಗಳಿಂದ ತಯಾರಿಸಿದ್ದೂ ಇದೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಎರಡನೆಯದು. ಅತ್ತೆಯವರಿಗೆ ಆ ಚುಕ್ಕೆ ತೋರಿಸಿ.

ಹೊಸಬಳು · 1.14

ಅತ್ತೆಗೆ ಕನ್ನಡಕ ಹಾಕಿಸಬೇಕು ಮೊದಲು. ಹಾಗಾದರೆ ಪನೀರ್ ಹಾಕಿದರೆ ಆಗುವುದಿಲ್ಲವೇ? ಅದು ಮನೆಯಲ್ಲೇ ನಿಂಬೆಹುಳಿ ಹಿಂಡಿ ಮಾಡುವುದು.

ಡೈರಿ_ಹುಡುಗ · 1.30

ಆಗುತ್ತದೆ, ಆದರೆ ಅದು ಬೇರೆಯೇ ತಿಂಡಿ. ಪನೀರ್ ಕರಗುವುದಿಲ್ಲ, ಮತ್ತೆ ಅದರ ಅರ್ಧಕ್ಕಿಂತ ಹೆಚ್ಚು ನೀರು. ಬಟ್ಟೆಯಲ್ಲಿ ಹಿಂಡಿ, ಪುಡಿ ಮಾಡಿ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಪಸೆ ಹೋಗುವವರೆಗೆ ಹುರಿದು ಆಮೇಲೆ ಹಿಟ್ಟಿಗೆ ಸೇರಿಸಿ. ಚೀಸ್‌ನ ಹುಳಿ ಉಪ್ಪು ಬರುವುದಿಲ್ಲ. ಚಿಟಿಕೆ ಇಂಗು, ಓಂಕಾಳು, ಉಪ್ಪು ಹಾಕಿಕೊಳ್ಳಿ.

ಬಿಸಿಲು42 (ರಾಯಚೂರು) · 3.05

ನೀವೆಲ್ಲ ಯಾವ ಊರಿನಲ್ಲಿದ್ದೀರಿ? ಬೇಸಿಗೆಯಲ್ಲಿ ನಮ್ಮ ಅಡುಗೆಮನೆಯಲ್ಲಿ ಬೆಣ್ಣೆ ಎಂಬ ಪದಾರ್ಥವೇ ಇರುವುದಿಲ್ಲ, ತುಪ್ಪವೇ. 35 ಡಿಗ್ರಿ ದಾಟಿದರೆ ಬೆಣ್ಣೆ ನಿಲ್ಲುವುದಿಲ್ಲ, ಇಲ್ಲಿ 42. ಕರಗಿದ ಬೆಣ್ಣೆಯನ್ನು ಹಿಟ್ಟಿಗೆ ಕಲಸಿದರೆ ಲಟ್ಟಿಸುವಾಗಲೇ ಮಣೆಗೆ ಎಣ್ಣೆ ಬಿಡುತ್ತದೆ. ನಾನು ಬೆಳಿಗ್ಗೆ ಐದೂವರೆಗೆ ಮಾಡುತ್ತೇನೆ. ಬೆಣ್ಣೆಯನ್ನೂ ತುರಿಯುತ್ತೇನೆ, ಚೀಸ್‌ನಂತೆಯೇ. ಬೆರಳ ತುದಿಯಿಂದ ಹಿಟ್ಟಿಗೆ ತಿಕ್ಕಬೇಕು, ಅಂಗೈ ತಾಗಿಸಬಾರದು, ಅಂಗೈ ಬಿಸಿ ಇರುತ್ತದೆ. ಉಂಡೆ ಕಟ್ಟಿ ಅರ್ಧ ತಾಸು ಫ್ರಿಜ್‌ಗೆ. ಆಮೇಲೆ ಹಾಲಿನ ಪ್ಯಾಕೆಟ್‌ನ ಎರಡು ಬದಿ ಕತ್ತರಿಸಿ, ತೊಳೆದು ಒಣಗಿಸಿ, ಅದರ ನಡುವೆ ಉಂಡೆ ಇಟ್ಟು ಲಟ್ಟಿಸುತ್ತೇನೆ. ಒಣ ಹಿಟ್ಟು ಉದುರಿಸುವ ಕೆಲಸವೇ ಇಲ್ಲ.

ಇನ್ನು ಕರೆಂಟು. ಶಾಖೋತ್ಪನ್ನ ಕೇಂದ್ರದ ಹೊಗೆಗೊಳವೆ ಕಾಣುವಷ್ಟು ಹತ್ತಿರ ನಮ್ಮ ಮನೆ. ಹನ್ನೊಂದನೇ ನಿಮಿಷಕ್ಕೆ ಕರೆಂಟು ಹೋಗುವುದಂತೂ ತಪ್ಪಿದ್ದಲ್ಲ. ಒಮ್ಮೆ ಹಾಗೆ ಆದಾಗ ಓವನ್ ಬಾಗಿಲು ತೆಗೆಯದೆ ಒಂದು ತಾಸು ಸುಮ್ಮನೆ ಬಿಟ್ಟೆ. ಅದೇ ನನ್ನ ಅತ್ಯುತ್ತಮ ಕ್ರ್ಯಾಕರ್.

ಭಟ್ಟಿ_ಮುಂದೆ · 3.20

ನೋಡಿ, ಸಾವಕಾಶ ಒಣಗಿತು. ನಾನು ಬೆಳಿಗ್ಗೆ ಹೇಳಿದ್ದನ್ನು ನಿಮಗೆ ಕರೆಂಟು ಕಲಿಸಿತು.

ಎಲೆ_ಅಡಿಕೆ · 4.00

ಇಷ್ಟು ಓದಿದ ಮೇಲೆ ನನಗೆ ಅನ್ನಿಸುವುದು ಒಂದೇ: ಇದು ಚೀಸ್ ಹಾಕಿದ ಖಾರಾ ಶಂಕರಪಾಳಿ. ಎಣ್ಣೆಯಲ್ಲಿ ಕರಿಯುವ ಬದಲು ಸುಟ್ಟಿದ್ದೀರಿ, ಇಂಗ್ಲಿಷ್ ಹೆಸರು ಇಟ್ಟಿದ್ದೀರಿ. ನಮ್ಮದನ್ನೇ ಕದ್ದು ನಮಗೇ ಮಾರುತ್ತಿದ್ದಾರೆ.

ಲೆಕ್ಕದ_ಮೇಷ್ಟ್ರು · 4.25

ಕದ್ದಿಲ್ಲ ಅಣ್ಣ. ಚೌಕಾಕಾರದ ಪ್ರಸಿದ್ಧ ಚೀಸ್ ಕ್ರ್ಯಾಕರ್ ‘ಚೀಜ್-ಇಟ್’ ಹುಟ್ಟಿದ್ದು 1921ರಲ್ಲಿ, ಅಮೆರಿಕದ ಓಹಿಯೊ ರಾಜ್ಯದ ಡೇಟನ್ ಊರಿನಲ್ಲಿ. ಶಂಕರಪಾಳಿಯ ಮೇಲೆ ಯಾರೂ ಕೈ ಹಾಕಿಲ್ಲ.

ಎಲೆ_ಅಡಿಕೆ · 4.27

1921ಕ್ಕೆ ಮೊದಲು ನಮ್ಮ ಮುತ್ತಜ್ಜಿ ಶಂಕರಪಾಳಿ ಮಾಡುತ್ತಿರಲಿಲ್ಲವೇ?

ಲೆಕ್ಕದ_ಮೇಷ್ಟ್ರು · 4.28

ಚೀಸ್ ಹಾಕುತ್ತಿದ್ದರೇ?

ಎಲೆ_ಅಡಿಕೆ · 4.41

ಸಂತೆಗೆ ಹೊರಟಿದ್ದೇನೆ. ಬಂದು ಉತ್ತರಿಸುತ್ತೇನೆ.

ಖಡಕ್_ರೊಟ್ಟಿ (ಕುಷ್ಟಗಿ) · ರಾತ್ರಿ 8.50

ನಮ್ಮ ಮನೆಯಲ್ಲಿ ಓವನ್ ಇಲ್ಲ, ತರುವ ಯೋಚನೆಯೂ ಇಲ್ಲ. ಆದರೂ ಚೀಸ್ ಕ್ರ್ಯಾಕರ್ ಮಾಡುತ್ತೇನೆ, ಜೋಳದಲ್ಲಿ. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡದೆ ಇರುವ ಊರಿನವರಿಗೆ ಗರಿಗರಿ ಮಾಡುವುದನ್ನು ಯಾರು ಕಲಿಸಬೇಕು?

ಜೋಳದ ಹಿಟ್ಟು ಎರಡು ಹಿಡಿ, ಕಡಲೆ ಹಿಟ್ಟು ಒಂದು ಹಿಡಿ. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಕಡಲೆಯಲ್ಲಿದೆ. ರೊಟ್ಟಿಯ ಜೊತೆ ಬೇಳೆ ಉಣ್ಣುವುದೂ ಅದೇ ಲೆಕ್ಕ, ನಮ್ಮವರು ಹೆಸರಿಡಲಿಲ್ಲ ಅಷ್ಟೇ. ಎಸರು ಕುದಿ ಬಂದಾಗ ಹಿಟ್ಟಿನ ನಡುವೆ ಗುಳಿ ಮಾಡಿ ಸುರಿಯಬೇಕು. ತಣ್ಣೀರಿಗೆ ಜೋಳ ಕೂಡುವುದಿಲ್ಲ, ಹರಿಯುತ್ತದೆ. ಕೈ ತಡೆಯುವಷ್ಟು ಆರಿದ ಮೇಲೆ ತುರಿದ ಚೀಸ್ ಮುಷ್ಟಿ ತುಂಬ ಹಾಕಿ, ಬ್ಯಾಡಗಿ ಮೆಣಸಿನ ಪುಡಿ ಚಿಟಿಕೆ ಹಾಕಿ, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಹಿಟ್ಟು ಕೈ ಬಿಡುತ್ತದೆ, ಮಣೆಯ ಮೇಲೆ ಸ್ವಲ್ಪ ಹೊಳಪು ಬರುತ್ತದೆ. ಆಗ ನಿಲ್ಲಿಸಿ.

ಲಟ್ಟಿಸಿ, ಚಾಕುವಿನಿಂದ ಚೌಕ ಗೆರೆ ಎಳೆದು, ಹಂಚಿಗೆ ಹಾಕಿ. ಉರಿ ಸಣ್ಣದಿರಲಿ. ಬಟ್ಟೆಯನ್ನು ಉಂಡೆ ಮಾಡಿ ಅಂಚಿನಿಂದ ನಡುವಿಗೆ ಒತ್ತುತ್ತಾ ಬನ್ನಿ. ಚೀಸ್ ಹಂಚಿಗೆ ತಾಗಿದಲ್ಲೆಲ್ಲ ಚುರ್ ಎಂದು ಕಂದು ಚುಕ್ಕೆ ಬೀಳುತ್ತದೆ, ಆ ಚುಕ್ಕೆಯೇ ರುಚಿ. ಎರಡೂ ಬದಿ ಆದ ಮೇಲೆ ಗೆರೆಯ ಗುಂಟ ಮುರಿದು, ಬಟ್ಟೆ ಹಾಸಿದ ಬುಟ್ಟಿಯಲ್ಲಿ ಒಲೆಯ ಪಕ್ಕ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮುರಿದರೆ ಪಟ್ ಎನ್ನಬೇಕು. ಆದರೆ ಚೀಸ್ ಹಾಕಿದ್ದು ಬರೀ ರೊಟ್ಟಿಯಂತೆ ತಿಂಗಳು ಇರುವುದಿಲ್ಲ, ಕೊಬ್ಬು ಮುಗ್ಗುತ್ತದೆ. ವಾರದಲ್ಲಿ ಮುಗಿಸಿ.

ಸಿಂಧನೂರಕ್ಕ · 9.04

ಇದನ್ನು ನಾಳೆಯೇ ಮಾಡುತ್ತೇನೆ. ಓವನ್ ಮಾರುವ ಯೋಚನೆ ಬರುತ್ತಿದೆ.

ಬಿಸಿಲು42 · 9.10

ಎಷ್ಟಕ್ಕೆ ಕೊಡುತ್ತೀರಿ ಅಕ್ಕ?

ಕೌಲ್‌ಬಜಾರ್_ಅಪ್ಪ · ಗುರುವಾರ ರಾತ್ರಿ 10.25

ಎಲ್ಲರ ಮಾತನ್ನೂ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಲೆಕ್ಕದ ಮೇಷ್ಟ್ರು ಕೊಟ್ಟ ಅಳತೆ, ಕಡಲೆ ಹಿಟ್ಟಿನ ಬದಲು ಅಕ್ಕನ ಪುಟಾಣಿ, ರಾಯಚೂರಿನವರ ಹಾಲಿನ ಪ್ಯಾಕೆಟ್. ಐದೂವರೆಗೆ ಎದ್ದದ್ದು ನೋಡಿ ಅವ್ವ ಯಾರಿಗೋ ಹುಷಾರಿಲ್ಲ ಎಂದು ಗಾಬರಿಯಾದಳು.

ಲಟ್ಟಿಸುವಾಗ ಎರಡು ಕಡೆ ಬಿರಿಯಿತು, ಒಂದು ಚಮಚ ಮೊಸರು ಹೆಚ್ಚಿಗೆ ಹಾಕಿ ಮತ್ತೆ ಉಂಡೆ ಕಟ್ಟಿದೆ. ಎರಡು ತಟ್ಟೆ ಬೇಯಿಸಬೇಕಿತ್ತು, ಒಂದು ತಟ್ಟೆಯಾದ ಮೇಲೆ ಕರೆಂಟು ಹೋಯಿತು. ಉಳಿದ ತಟ್ಟೆಯನ್ನು ಹಿಡಿದು ನಮ್ಮ ಓಣಿಯ ಬೇಕರಿಗೆ ಹೋದೆ. ಹಬ್ಬಕ್ಕೆ ನಾನ್‌ಕಟಾಯಿ ಹಿಟ್ಟು ಕಲಸಿಕೊಂಡು ಹೋಗಿ ಭಟ್ಟಿಯಲ್ಲಿ ಸುಡಿಸಿಕೊಂಡು ಬರುವುದು ನಮ್ಮಲ್ಲಿ ಹಳೆಯ ರೂಢಿ, ಈ ಚೌಕಗಳನ್ನು ನೋಡಿ ಮಾತ್ರ ಚಾಚಾ ಹುಬ್ಬೇರಿಸಿದರು. ಬ್ರೆಡ್ ತೆಗೆದ ಮೇಲಿನ ಆರಿದ ಭಟ್ಟಿಯಲ್ಲಿ ಇಟ್ಟು ಕೊಟ್ಟರು. ದುಡ್ಡು ಬೇಡ ಎಂದು ನಾಲ್ಕು ಚೂರು ಇಟ್ಟುಕೊಂಡರು.

ಇಂದಿಗೆ ಮೂರನೆಯ ದಿನ. ಪೂರ್ತಿ ತಣ್ಣಗಾದ ಮೇಲೆಯೇ ಡಬ್ಬಿಗೆ ಹಾಕಿದ್ದು. ಇನ್ನೂ ಪಟ್ ಎನ್ನುತ್ತಿವೆ. ಮನೆಯ ಓವನ್‌ಗಿಂತ ಭಟ್ಟಿಯವು ಒಂದು ಕೈ ಮೇಲೆ. ಮಗಳು ಡಬ್ಬಿಯನ್ನು ಅಭ್ಯಾಸಕ್ಕೆ ಒಯ್ದಿದ್ದಳು, ಏಳು ಹುಡುಗಿಯರು ಹತ್ತು ನಿಮಿಷದಲ್ಲಿ ತಳ ಕಂಡರಂತೆ. ಅವಳ ಪಾಲಿಗೆ ಬಂದದ್ದು ಆರೇ ಚೂರು. ಮೇಷ್ಟ್ರ ಲೆಕ್ಕದಲ್ಲಿ 3.6 ಗ್ರಾಂ.

ಭಟ್ಟಿ_ಮುಂದೆ · 10.31

ಆ ಚಾಚಾಗೆ ನನ್ನ ಸಲಾಂ ಮುಟ್ಟಿಸಿ. ಆರುವ ಭಟ್ಟಿಯ ಕಾವಿಗೆ ಸಮ ಯಾವುದೂ ಇಲ್ಲ.

ಲೆಕ್ಕದ_ಮೇಷ್ಟ್ರು · 10.40

ಏಳು ಜನಕ್ಕೆ ಆಗಬೇಕಾದರೆ ಅಳತೆ ಮೂರು ಪಟ್ಟು ಮಾಡಿ. ಚೀಸ್ ಖರ್ಚನ್ನು ಕಬಡ್ಡಿ ತಂಡದವರಿಂದ ವಸೂಲಿ ಮಾಡಿ.

ಎಲೆ_ಅಡಿಕೆ · 11.02

ಸಂತೆಯಿಂದ ಬಂದು ಮೂರು ದಿನವಾಯಿತು. ಮುತ್ತಜ್ಜಿ ಚೀಸ್ ಹಾಕುತ್ತಿರಲಿಲ್ಲ, ಒಪ್ಪಿಕೊಂಡೆ. ಡಬ್ಬಿಯಲ್ಲಿ ಏನಾದರೂ ಉಳಿದಿದ್ದರೆ ಭಾನುವಾರ ಬಳ್ಳಾರಿಗೆ ಬರುವುದಿದೆ.

ಕೌಲ್‌ಬಜಾರ್_ಅಪ್ಪ · 11.05

ಬನ್ನಿ ಅಣ್ಣ. ಬರುವಾಗ ಶೇಂಗಾ, ಬೆಲ್ಲ ತನ್ನಿ.